ದೊಡ್ಡವರಲ್ಲಿ ಎಡಿಎಚ್‌ಡಿ: ಸೋಮಾರಿತನ ಯಾವುದು, ತೊಂದರೆ ಯಾವುದು, ಗೊತ್ತಾಗೋದು ಹೇಗೆ?

ಅರ್ಧಂಬರ್ಧ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗದೆ ಓದಿ.

ನನ್ನ ಮಗನಿಗೆ 8 ವರ್ಷ. ಕ್ಲಾಸಿನಲ್ಲಿ ಕೂರಲ್ಲ, ಬರೆಯೋದನ್ನು ಅರ್ಧಕ್ಕೇ ಬಿಡುತ್ತಾನೆ ಅಂತ ಶಾಲೆಯವರು ಹೇಳಿದ ಮೇಲೆ ಮಕ್ಕಳ ಮನೋವೈದ್ಯರಿಗೆ ತೋರಿಸಿದೆವು. ಎಡಿಎಚ್‌ಡಿ ಅಂದರು, ಅಂದರೆ ಗಮನ ನಿಲ್ಲದಿರೋದು, ಚಡಪಡಿಕೆ, ದುಡುಕು ಇರುವ ತೊಂದರೆ. ಅದು ನನಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. ಆಮೇಲೆ ಅವರು, "ಮನೆಯಲ್ಲಿ ಬೇರೆ ಯಾರಾದರೂ ಹೀಗೇ ಇದ್ದಾರಾ?" ಅಂತ ಕೇಳಿದರು. ನನ್ನ ಗಂಡ ಬಾಯಿ ಬಿಡಲಿಲ್ಲ. ಸುಮ್ನೆ ನನ್ನ ಕಡೆ ತಿರುಗಿ ನೋಡಿದರು!

ನನಗೆ 38. ಒಬ್ಬ ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತೇನೆ. 3ಬಿ ರಿಟರ್ನ್ ತಿಂಗಳ 20ರೊಳಗೆ ಹೋಗಬೇಕು. ತಿಂಗಳು ಹುಟ್ಟಿದಾಗಿನಿಂದ ಅದೇ ಫೈಲು ಮೇಜಿನ ಮೇಲೇ ಇರುತ್ತದೆ. ತೆಗೆಯುತ್ತೇನೆ, ಮುಚ್ಚುತ್ತೇನೆ. 19ರ ರಾತ್ರಿ ಕೂತೆ ಅಂದರೆ ಊಟ ನೀರು ನೆನಪಿರಲ್ಲ, ಬೆಳಗಾಗುವಷ್ಟರಲ್ಲಿ ಎಲ್ಲಾ ಕ್ಲೈಂಟುಗಳದ್ದೂ ಮುಗಿದಿರುತ್ತದೆ. ಒಂದು ಪೈಸೆ ಹೆಚ್ಚುಕಮ್ಮಿ ಇರಲ್ಲ. ಆದರೆ ನಮ್ಮದೇ ಮನೆಯ ಕರೆಂಟ್ ಬಿಲ್ಲು ಲೈನ್‌ಮನ್ ಬಂದು ಫ್ಯೂಸ್ ಕೀಳುವ ತನಕ ಕಟ್ಟಿರಲ್ಲ. ದುಡ್ಡಿಲ್ಲದೆ ಅಲ್ಲ, ಬಿಲ್ಲು ಫ್ರಿಜ್ಜಿನ ಮೇಲೇ ಇರುತ್ತದೆ.

ಅಡುಗೆಮನೆ ಕಥೆ ಕೇಳಿ. ಒಗ್ಗರಣೆಗೆ ಎಣ್ಣೆ ಇಟ್ಟು ಕರಿಬೇವು ಕೀಳಲು ಹಿತ್ತಲಿಗೆ ಹೋಗುತ್ತೇನೆ. ಅಲ್ಲಿ ಒಣಗಿದ ಬಟ್ಟೆ ಕಾಣುತ್ತದೆ. ಮಡಚುತ್ತೇನೆ. ಮಗನ ಯೂನಿಫಾರ್ಮಿನ ಗುಂಡಿ ಬಿದ್ದಿರುತ್ತದೆ, ಸೂಜಿ ದಾರ ಹುಡುಕಲು ರೂಮಿಗೆ ಹೋಗುತ್ತೇನೆ. ಅತ್ತೆ "ಏನೋ ಸೀಯ್ತಾ ಇದೆ" ಅಂತ ಕೂಗಿದಾಗಲೇ ಎಣ್ಣೆ ನೆನಪಾಗೋದು. ಇದು ಒಂದು ದಿನದ ಕಥೆ ಅಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದು ಎಡಿಎಚ್‌ಡಿನಾ, ಫೋನ್ ಜಾಸ್ತಿ ನೋಡಿ ಹೀಗಾಗಿದೆಯಾ, ಅಥವಾ ನಮ್ಮಮ್ಮ ಹೇಳುವ ಹಾಗೆ ಬರೀ ಬೇಜವಾಬ್ದಾರಿನಾ? ಮಕ್ಕಳ ಕಾಯಿಲೆ ಈ ವಯಸ್ಸಿಗೆ ಬರುತ್ತಾ?

---

ಗಿರ್ಮಿಟ್

ಅಕ್ಕಾರ, ಇದು ನನ್ನದೇ ಕಥೆ! ಎರಡು ವರ್ಷದಿಂದ ಹೀಗೇ ಆಗಿದೆ. ಒಂದು ಪುಟ ಓದೋಕೆ ಆಗಲ್ಲ, ಏನು ಹೇಳಿದರೂ ತಲೆಯಲ್ಲಿ ನಿಲ್ಲಲ್ಲ. ರೀಲ್ಸ್‌ನಲ್ಲಿ ಬಂದ "ನಿಮಗೆ ಎಡಿಎಚ್‌ಡಿ ಇದೆ ಅನ್ನೋಕೆ 10 ಗುರುತು" ನೋಡಿದೆ. ಹತ್ತಕ್ಕೆ ಹತ್ತೂ ಹೊಂದಿತು. ಮಾತ್ರೆ ಎಲ್ಲಿ ಸಿಗುತ್ತದೆ ಯಾರಾದರೂ ಹೇಳಿ.

---

ನಿರ್ವಾಹಕ

ಮಾತ್ರೆಯ ಡೋಸು, ಅಂಗಡಿ ಹೆಸರು, "ನನ್ನ ಹತ್ತಿರ ಉಳಿದಿದೆ, ಕಳಿಸಲಾ" ಅನ್ನೋದು ಇಲ್ಲಿ ಬೇಡ. ಅಂಥವನ್ನು ತೆಗೆದುಹಾಕುತ್ತೇವೆ. ಉಳಿದಂತೆ ಚರ್ಚೆ ಮುಂದುವರಿಯಲಿ.

---

ಬೋರ್ಡು_ಡಸ್ಟರು

ನಾನು 33 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಗಮನ ಕೊಡದ ಹುಡುಗ ಇದ್ದ, ಬೆಂಚಿನ ಮೇಲೆ ನಿಲ್ಲುತ್ತಿದ್ದ, ಕೊನೆಗೆ ಹೇಗೋ ಪಾಸಾಗುತ್ತಿದ್ದ. ಇವತ್ತು ಎಲ್ಲದಕ್ಕೂ ಒಂದು ಹೆಸರು, ಒಂದು ಮಾತ್ರೆ. ತಂಗಿ, ಬೇಜಾರು ಮಾಡಿಕೊಳ್ಳಬೇಡಮ್ಮ. ಬೆಳಗ್ಗೆ ಬೇಗ ಎದ್ದು ಫೋನು ದೂರ ಇಟ್ಟು ನೋಡು.

---

ಕೋರಿರೊಟ್ಟಿ

ಮೇಷ್ಟ್ರೇ, ಬೆಂಚಿನ ಮೇಲೆ ನಿಲ್ಲುತ್ತಿದ್ದ ಆ ಹುಡುಗ ನಾನೇ ಮಾರಾಯ್ರೆ. ಬೆಳಗ್ಗೆ ಬೇಗ ಏಳುವುದನ್ನೂ ಮಾಡಿದೆ. 5 ಗಂಟೆಗೆ ಎದ್ದು ಮೂರು ಗಂಟೆ ಹೊತ್ತು ಗಡಿಯಾರದ ಇತಿಹಾಸ ಓದಿ ಆಫೀಸಿಗೆ ಲೇಟಾಗಿ ಹೋದೆ.

ನನಗೆ ಗೊತ್ತಾಗಿದ್ದು 31ರಲ್ಲಿ. ಅದಕ್ಕೂ ಮೊದಲು ಆತಂಕ, ಖಿನ್ನತೆ ಅಂತ ಮಾತ್ರೆ ತಗೊಂಡಿದ್ದೆ. ಬೇಸರ ಕಮ್ಮಿ ಆಯಿತು, ಕೆಲಸ ಮಾತ್ರ ಹಾಗೇ ಬಾಕಿ. ಎರಡನೇ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ಬೇಜಾರಿಲ್ಲದೆ ಆರಾಮಾಗಿ ಇದ್ದ ವರ್ಷಗಳಲ್ಲಾದರೂ ಕೆಲಸ ಟೈಮಿಗೆ ಮುಗಿಯುತ್ತಿತ್ತಾ?" ಯೋಚಿಸಿದೆ. ಆರನೇ ಕ್ಲಾಸಿನಿಂದ ಒಂದು ವರ್ಷವೂ ಇಲ್ಲ.

---

ಒಪಿಡಿ_ಚೀಟಿ

ನಾನು ಮನೋವೈದ್ಯೆ, ಸರ್ಕಾರಿ ಆಸ್ಪತ್ರೆಯಲ್ಲಿದ್ದೇನೆ. ಇಲ್ಲಿ ಓದಿ ಯಾರಿಗೂ ಇದೆ, ಇಲ್ಲ ಅಂತ ಹೇಳೋಕೆ ಆಗಲ್ಲ. ನಾವು ಏನು ನೋಡುತ್ತೇವೆ ಅಂತ ಮಾತ್ರ ಹೇಳುತ್ತೇನೆ.

ಮೊದಲು ಅರ್ಧಂಬರ್ಧ ಅವರ ಕೊನೇ ಪ್ರಶ್ನೆ. ಎಡಿಎಚ್‌ಡಿ ಮಿದುಳು ಬೆಳೆಯುವ ರೀತಿಗೆ ಸಂಬಂಧಪಟ್ಟಿದ್ದು. 38ಕ್ಕೆ ಹೊಸದಾಗಿ ಹತ್ತಿಕೊಳ್ಳಲ್ಲ. ಆದ್ದರಿಂದ 38ರವರು ಬಂದು ಕೂತರೆ ನಾನು ಕೇಳೋದು, 8ರಲ್ಲಿ ಹೇಗಿದ್ದಿರಿ ಅಂತ. ಟಿಫಿನ್ ಡಬ್ಬಿ ಎಷ್ಟು ಸಲ ಕಳೆದಿರಿ? ಲೆಕ್ಕ ಗೊತ್ತಿದ್ದೂ ಪ್ಲಸ್ಸು ಮೈನಸ್ಸು ತಪ್ಪಿ ಅಂಕ ಹೋಗುತ್ತಿತ್ತಾ? "ಬುದ್ಧಿ ಇದೆ, ಗಮನ ಇಲ್ಲ" ಅಂತ ಯಾರಾದರೂ ಟೀಚರ್ ಬರೆದಿದ್ದರಾ? ಆಗುವುದಾದರೆ ಅಮ್ಮನನ್ನೋ ಅಣ್ಣನನ್ನೋ ಕರೆದುಕೊಂಡು ಬನ್ನಿ ಅನ್ನುತ್ತೇನೆ. ನಮ್ಮ ಬಾಲ್ಯ ನಮಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ನಾವು ಬಳಸುವ ಡಿಎಸ್‌ಎಂ-5 ಅನ್ನೋ ಕೈಪಿಡಿ 2013ರಲ್ಲಿ ಬಂತು. ಅದರಲ್ಲಿ ಗಮನಕ್ಕೆ ಸಂಬಂಧಿಸಿದ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ 9 ಲಕ್ಷಣ ಇವೆ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನಲ್ಲಿ 6 ಇರಬೇಕು. 17 ವರ್ಷ ಆದವರಿಗೆ 5 ಸಾಕು. 6 ತಿಂಗಳಾದರೂ ಬಿಡದೆ ಇರಬೇಕು. ಕೆಲವಾದರೂ 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು (ಹಳೇ ಕೈಪಿಡಿಯಲ್ಲಿ 7 ವರ್ಷ ಅಂತಿತ್ತು). ಮನೆ, ಆಫೀಸು, ಕಾಲೇಜು ಅಂತ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಅದರಿಂದ ಬದುಕಿಗೆ ನಿಜವಾಗಿ ಪೆಟ್ಟು ಬಿದ್ದಿರಬೇಕು. ಇದು ತುಂಬಾ ಮುಖ್ಯ. ಬೀಗದ ಕೈ ಯಾರು ಕಳೆಯಲ್ಲ ಹೇಳಿ? ಎಷ್ಟು ವರ್ಷದಿಂದ, ಎಷ್ಟು ಕಡೆ, ಅದರಿಂದ ಏನು ಹೋಯಿತು, ನಾವು ನೋಡೋದು ಅದನ್ನು.

ಚಡಪಡಿಕೆ ಅಂದ ತಕ್ಷಣ ಓಡಾಡುವ ಹುಡುಗ ಕಣ್ಣಿಗೆ ಬರುತ್ತಾನೆ. ದೊಡ್ಡವರಲ್ಲಿ ಅದು ಒಳಗೆ ಹೋಗಿಬಿಡುತ್ತದೆ. ಮದುವೆ ಊಟಕ್ಕೆ ಕೂತರೆ ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವ ತನಕ ಕಾಯೋಕೆ ಆಗದೆ ಎದ್ದುಬಿಡುವವರು. ಎದುರಿನವರ ವಾಕ್ಯವನ್ನು ತಾವೇ ಮುಗಿಸುವವರು. ಸಿಟ್ಟಿನಲ್ಲಿ ರಾಜೀನಾಮೆ ಬರೆದು ಕೊಟ್ಟು ಸಂಜೆ ಹೆಂಡತಿಗೆ ಹೇಳುವವರು. ಹೊರಗೆ ತಣ್ಣಗೆ ಕೂತಿದ್ದರೂ ತಲೆಯೊಳಗೆ ನಾಲ್ಕು ರೇಡಿಯೊ ಓಡುತ್ತಿವೆ ಅನ್ನುವವರು.

ಗಮನದ ವಿಷಯ. ನಿಮ್ಮ 19ರ ರಾತ್ರಿ ನೋಡಿ. ಗಮನ ಇಲ್ಲದವರು ಹಾಗೆ ಕೂರೋಕೆ ಸಾಧ್ಯವೇ ಇಲ್ಲ. ಇಲ್ಲಿ ತೊಂದರೆ ಇರೋದು ಗಮನವನ್ನು ಬೇಕಾದ ಹೊತ್ತಿಗೆ ಬೇಕಾದ ಕಡೆ ತಿರುಗಿಸೋದರಲ್ಲಿ. ಗಡುವು ತಲೆ ಮೇಲೆ ಬಂದಾಗ, ಇಲ್ಲಾ ವಿಷಯ ಇಷ್ಟ ಆದಾಗ, ತಾನಾಗಿ ತಿರುಗುತ್ತದೆ. ಆಮೇಲೆ ಅಲ್ಲಿಂದ ಕೀಳೋದೂ ಕಷ್ಟ. ಮಿದುಳಿನ ಮುಂಭಾಗದಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕಗಳು ಕೆಲಸ ಮಾಡುವ ರೀತಿ ಬೇರೆ ಇರೋದು ಇದಕ್ಕೆ ಒಂದು ಕಾರಣ ಅಂತ ತಿಳಿದಿದೆ. ಇದೇ ಕಾರಣಕ್ಕೆ "ಇಷ್ಟ ಬಂದಾಗ ಮಾಡ್ತಾಳೆ, ಉಳಿದಾಗ ನಾಟಕ" ಅನ್ನೋ ಮಾತು ಮನೆಯಲ್ಲಿ ಕೇಳಬೇಕಾಗಿ ಬರುತ್ತದೆ.

ಗಂಡ ನಿಮ್ಮ ಕಡೆ ನೋಡಿದ್ದರಲ್ಲೂ ಅರ್ಥ ಇದೆ. ಇದು ವಂಶದಲ್ಲಿ ಬರೋದು ತುಂಬಾ ಜಾಸ್ತಿ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜೀನ್‌ಗಳ ಪಾಲು ಶೇಕಡಾ 70ರಿಂದ 80. ಮಗುವಿಗೆ ಗೊತ್ತಾದ ಮೇಲೆ ಅಪ್ಪನೋ ಅಮ್ಮನೋ ತಮಗೂ ಇದೆಯಾ ಅಂತ ಬರೋದು ನಮ್ಮ ಒಪಿಡಿಯಲ್ಲಿ ದಿನನಿತ್ಯದ ಸಂಗತಿ.

---

ಗಿರ್ಮಿಟ್

ಡಾಕ್ಟರ್ ಮೇಡಂ, ಹಾಗಾದರೆ ನನ್ನದು? ಹತ್ತಕ್ಕೆ ಹತ್ತು!

---

ಒಪಿಡಿ_ಚೀಟಿ

ಎರಡು ವರ್ಷದಿಂದ ಅಂದಿರಿ. ಅದಕ್ಕೆ ಮುಂಚೆ ಹೇಗಿತ್ತು? ಎರಡು ವರ್ಷದ ಹಿಂದೆ ಬದುಕಿನಲ್ಲಿ ಏನು ಬದಲಾಯಿತು? ನಿದ್ದೆ ಎಷ್ಟು?

ರೀಲ್ಸ್ ಬಗ್ಗೆ ಒಂದು ಮಾತು. 2022ರಲ್ಲಿ ಕೆನಡಾದ ಸಂಶೋಧಕರು ಟಿಕ್‌ಟಾಕ್‌ನಲ್ಲಿ ಜನ ಅತಿ ಹೆಚ್ಚು ನೋಡಿದ 100 ಎಡಿಎಚ್‌ಡಿ ವಿಡಿಯೊಗಳನ್ನು ಪರೀಕ್ಷಿಸಿದ್ದರು. ಅರ್ಧಕ್ಕಿಂತ ಹೆಚ್ಚು ವಿಡಿಯೊಗಳು ತಪ್ಪು ತಿಳಿವಳಿಕೆ ಕೊಡುವಂಥವು ಅಂತ ಕಂಡಿತು. ಯಾರಿಗೆ ಬೇಕಾದರೂ ಹೊಂದುವ ಹಾಗೆ ಬರೆದರೆ ಎಲ್ಲರಿಗೂ ಹೊಂದುತ್ತದೆ.

---

ಗಿರ್ಮಿಟ್

ಮುಂಚೆ ಚೆನ್ನಾಗಿತ್ತು ಮೇಡಂ. ಶಾಲೆಯಲ್ಲಿ ಮೊದಲ ಐದರಲ್ಲಿ ಇರುತ್ತಿದ್ದೆ, ನೋಟ್ಸ್ ಕೇಳೋಕೆ ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು. ಎರಡು ವರ್ಷದ ಹಿಂದೆ ಬೆಂಗಳೂರಿಗೆ ಬಂದೆ, ನೈಟ್ ಶಿಫ್ಟ್. ಹಗಲು ಪಿಜಿಯಲ್ಲಿ ನಿದ್ದೆ ಅಷ್ಟಕ್ಕಷ್ಟೇ. ತೂಕವೂ ಜಾಸ್ತಿ ಆಗಿದೆ.

---

ಒಪಿಡಿ_ಚೀಟಿ

ಹಾಗಿದ್ದರೆ ನಾನಾಗಿದ್ದರೆ ಎಡಿಎಚ್‌ಡಿ ಪಟ್ಟಿಯನ್ನು ಪಕ್ಕಕ್ಕಿಟ್ಟು ನಿದ್ದೆಯಿಂದ ಶುರು ಮಾಡುತ್ತಿದ್ದೆ. ಗಮನ ಹಾಳಾಗೋಕೆ ನೂರು ದಾರಿ ಇವೆ. ನಿದ್ದೆಗೇಡು, ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ, ಖಿನ್ನತೆ, ಆತಂಕ, ಕುಡಿತ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ. ಇವೆಲ್ಲಕ್ಕೂ ಒಂದು ಶುರು ಇರುತ್ತದೆ. "ಇಂಥ ವರ್ಷದಿಂದ" ಅಂತ ಹೇಳಬಹುದು. ಬೈಪೋಲಾರ್‌ನಲ್ಲೂ (ಮನಸ್ಸು ಅತಿ ಉತ್ಸಾಹಕ್ಕೆ ಏರಿ ಮತ್ತೆ ಕುಸಿಯುವ ಕಾಯಿಲೆ) ದುಡುಕು, ಚಡಪಡಿಕೆ ಇರುತ್ತದೆ, ಆದರೆ ಅದು ಕೆಲವು ದಿನ ಅಥವಾ ವಾರ ಇದ್ದು ಇಳಿಯುತ್ತದೆ. ಎಡಿಎಚ್‌ಡಿ ಇರುವವರನ್ನು ಯಾವಾಗಿನಿಂದ ಅಂತ ಕೇಳಿದರೆ "ಮೊದಲಿನಿಂದಲೂ ಹೀಗೇ" ಅನ್ನುತ್ತಾರೆ.

ರೂಮ್‌ಮೇಟ್ ಇದ್ದರೆ ಒಂದು ಕೇಳಿ ನೋಡಿ: ನೀವು ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತ ಹಾಗೆ ಆಗುತ್ತಾ ಅಂತ.

---

ಮೊಸರನ್ನ

ನಾನು ಆಚೆ ಬದಿಯವಳು. ಎಡಿಎಚ್‌ಡಿ ಇರೋದು ನಮ್ಮ ಯಜಮಾನರಿಗೆ.

ಇಲ್ಲಿ ಎಲ್ಲರೂ ಮರೆವಿನ ಕಥೆ ತಮಾಷೆಯಾಗಿ ಬರೆಯುತ್ತಿದ್ದೀರಿ. ಓದೋಕೆ ಚೆನ್ನಾಗಿದೆ. ಜೊತೆಯಲ್ಲಿ ಬಾಳೋದು ತಮಾಷೆ ಅಲ್ಲ. ಒಂದು ಸಲ ಹೇಳಿದರೆ ಮರೆಯುತ್ತಾರೆ, ಎರಡು ಸಲ ಹೇಳಿದರೆ "ಕಿರಿಕಿರಿ ಮಾಡಬೇಡ" ಅನ್ನುತ್ತಾರೆ. ಮಾತಾಡುತ್ತಿರುವಾಗ ಮುಖ ನನ್ನ ಕಡೆ ಇರುತ್ತದೆ, ಕಣ್ಣು ಎಲ್ಲೋ. "ಏನು ಹೇಳಿದೆ ಹೇಳಿ" ಅಂದರೆ ಕೊನೇ ಮೂರು ಪದ ಸರಿಯಾಗಿ ಹೇಳುತ್ತಾರೆ, ಅದರ ಹಿಂದಿನದ್ದು ಏನೂ ಇಲ್ಲ. ಸ್ಕೂಟರಿನ ಇಂಡಿಕೇಟರ್ ಮನೆಯಿಂದ ಮಾರ್ಕೆಟ್ ತನಕ ಬಲಕ್ಕೇ ಮಿನುಗುತ್ತಿರುತ್ತದೆ. ನಾನು ಹಿಂದೆ ಕೂತು ಭುಜ ತಟ್ಟಬೇಕು. ನಮ್ಮ ಅಪ್ಪನ ಕಾರ್ಯದ ದಿನ ತುಪ್ಪ ತರೋಕೆ ಹೋದವರು ದಾರಿಯಲ್ಲಿ ಯಾರದೋ ಬೋರ್‌ವೆಲ್ ಕೊರೆಯೋದನ್ನು ನೋಡುತ್ತಾ ನಿಂತಿದ್ದರು. ಪುರೋಹಿತರು ಕಾದು ಕೂತಿದ್ದರು.

ಎಡಿಎಚ್‌ಡಿ ಅಂತ ಗೊತ್ತಾದ ಮೇಲೆ ನನ್ನ ಸಿಟ್ಟೆಲ್ಲ ಹೋಯಿತು ಅಂತ ಬರೆಯೋಕೆ ಆಗಲ್ಲ. ಹೋಗಿಲ್ಲ. ಆದರೆ "ನನ್ನ ಮೇಲೆ ಲಕ್ಷ್ಯ ಇಲ್ಲ" ಅಂತ ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ, ಆ ಲೆಕ್ಕ ಬದಲಾಯಿತು. ಜಗಳ ಈಗ ಬೇರೆ ವಿಷಯಕ್ಕೆ.

ನಮಗೆ ಉಪಯೋಗಕ್ಕೆ ಬಂದದ್ದು ಹೇಳುತ್ತೇನೆ. ಕರೆಂಟು, ಗ್ಯಾಸು, ಎಲ್‌ಐಸಿ ಎಲ್ಲವನ್ನೂ ಆಟೋಪೇಗೆ ಹಾಕಿದೆವು. ಗೋಡೆಯ ಮೇಲಿನ ಶಾಬಾದಿಮಠ ಕ್ಯಾಲೆಂಡರಿನಲ್ಲಿ ಬರೆದದ್ದು ಮಾತ್ರ ಲೆಕ್ಕಕ್ಕೆ, ಬಾಯಿಮಾತಿನಲ್ಲಿ ಹೇಳಿದ್ದು ಹೇಳಿದ ಹಾಗಲ್ಲ ಅಂತ ಇಬ್ಬರೂ ಒಪ್ಪಿಕೊಂಡೆವು. ಅಮಾವಾಸ್ಯೆ ಏಕಾದಶಿ ಜೊತೆಗೆ ನಮ್ಮ ಸಾಲದ ಕಂತೂ ಅಲ್ಲೇ ಇದೆ. "ಆಮೇಲೆ ಮಾಡ್ತೀನಿ" ಅಂದ ಕೆಲಸಕ್ಕೆ ಅಲ್ಲೇ ಫೋನಿನಲ್ಲಿ ಅಲಾರಂ ಇಡಬೇಕು, ನನ್ನ ಎದುರಿಗೇ. ಅವರಿಗೆ ತಾಯಿಯ ಹಾಗೆ ಎಲ್ಲ ಮಾಡಿಕೊಡೋದನ್ನು ಬಿಟ್ಟೆ. ಅವರ ಚಪ್ಪಲಿ, ಪರ್ಸು, ಹೆಲ್ಮೆಟ್ ಹುಡುಕಿಕೊಡಲ್ಲ.

---

ಅರ್ಧಂಬರ್ಧ

ಮೊಸರನ್ನ ಅವರೇ, ನಿಮ್ಮ ಬರಹ ಗಂಡನಿಗೆ ಓದಿ ಹೇಳಿದೆ. "ಈ ಅಮ್ಮನ ಫೋನ್ ನಂಬರ್ ಇದ್ದರೆ ಕೊಡು" ಅಂದರು.

---

ನೀಲಗಿರಿ_ತೋಪು

ಹಠಕ್ಕೆ ಅಂತ ಅಲ್ಲ, ಒಂದು ಅಡ್ಡಪ್ರಶ್ನೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ದೊಡ್ಡವರಾಗುವ ತನಕ ಬಿಡದೆ ಗಮನಿಸಿದ್ದಾರೆ. 38ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಲಕ್ಷಣ ಇದ್ದವರನ್ನು ಹಿಂದಿನ ದಾಖಲೆಗೆ ಹೋಲಿಸಿದರೆ ಸುಮಾರು 90 ಶೇಕಡಾ ಜನರಿಗೆ ಚಿಕ್ಕವರಿದ್ದಾಗ ಎಡಿಎಚ್‌ಡಿ ಇರಲೇ ಇಲ್ಲ! 2015ರಲ್ಲಿ ಅದು ಪ್ರಕಟವಾಯಿತು. ಹಾಗಾದರೆ "ಮೊದಲಿನಿಂದಲೂ ಇರಬೇಕು" ಅನ್ನೋದು ಹೇಗೆ ನಿಲ್ಲುತ್ತದೆ?

---

ಒಪಿಡಿ_ಚೀಟಿ

ಒಳ್ಳೆಯ ಪ್ರಶ್ನೆ. ಅದರ ಮೇಲೆ ವಾದ ಇನ್ನೂ ನಡೆಯುತ್ತಿದೆ. ಒಂದು ಕಡೆಯವರು, ದೊಡ್ಡವರಲ್ಲಿ ಕಾಣುವುದು ಬೇರೆಯದೇ ತೊಂದರೆ ಇರಬಹುದು ಅನ್ನುತ್ತಾರೆ. ಇನ್ನೊಂದು ಕಡೆಯವರು, ಅವರಲ್ಲಿ ಅನೇಕರಿಗೆ ಚಿಕ್ಕಂದಿನಲ್ಲೂ ಸ್ವಲ್ಪ ಸ್ವಲ್ಪ ಇತ್ತು, ಮನೆಯ ಆಸರೆ ಮತ್ತು ಬುದ್ಧಿವಂತಿಕೆ ಅದನ್ನು ಮುಚ್ಚಿತ್ತು, ಇಲ್ಲವೇ ಈಗಿನ ಲಕ್ಷಣ ಕುಡಿತ, ಖಿನ್ನತೆಯಂಥ ಬೇರೆ ಕಾರಣದಿಂದ ಬಂದದ್ದು ಅನ್ನುತ್ತಾರೆ.

ನನ್ನ ಕೆಲಸಕ್ಕೆ ಅದರಿಂದ ಸಿಗೋದು ಒಂದೇ. ಈಗಿನ ಲಕ್ಷಣದ ಪಟ್ಟಿ ನೋಡಿ ಚೀಟಿ ಬರೆಯಬಾರದು. ಬಾಲ್ಯ ಕೇಳಲೇಬೇಕು. ಹತ್ತೇ ನಿಮಿಷದಲ್ಲಿ "ಹೌದು, ಎಡಿಎಚ್‌ಡಿ" ಅಂದುಬಿಡುವ ಡಾಕ್ಟರ್ ಬಗ್ಗೆ ನನಗೆ ಅನುಮಾನ. "ಡಿಗ್ರಿ ಮಾಡಿದ್ದೀರಿ, ನಿಮಗೆಲ್ಲಿಯ ಎಡಿಎಚ್‌ಡಿ" ಅನ್ನುವವರ ಬಗ್ಗೆಯೂ ಅಷ್ಟೇ ಅನುಮಾನ.

---

ಬೋರ್ಡು_ಡಸ್ಟರು

ಡಾಕ್ಟರಮ್ಮ ಬಾಲ್ಯದ ಮಾತು ತೆಗೆದದ್ದಕ್ಕೆ ಬರೆಯುತ್ತಿದ್ದೇನೆ. ಮಾತ್ರೆ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಕ್ಲಾಸಿನಲ್ಲಿ ಕಂಡದ್ದನ್ನು ಹೇಳಬಲ್ಲೆ.

ಓದದೆ ಬಂದ ಹುಡುಗನ ಉತ್ತರಪತ್ರಿಕೆ ಮೊದಲಿನಿಂದ ಕೊನೆಯ ತನಕ ಒಂದೇ ಥರ ಇರುತ್ತದೆ, ಸಪ್ಪೆ. ಇನ್ನೊಂದು ಜಾತಿ ಇದೆ. ಐದು ಅಂಕದ ಕಷ್ಟದ ಪ್ರಮೇಯ ಮುತ್ತಿನ ಹಾಗೆ ಬರೆದಿರುತ್ತಾನೆ. ಒಂದು ಅಂಕದ ಪ್ರಶ್ನೆ ನಾಲ್ಕು ಬಿಟ್ಟಿರುತ್ತಾನೆ. ಹಾಳೆ ತಿರುಗಿಸದೆ ಕೊನೇ ಪುಟವನ್ನೇ ನೋಡಿರಲ್ಲ. ಕರೆದು ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ. ಅದೇ ಹುಡುಗನ ಜಾಮಿಟ್ರಿ ಬಾಕ್ಸ್‌ನಲ್ಲಿ ಕಂಪಾಸ್ ಯಾವತ್ತೂ ಇರಲ್ಲ. ಹುಡುಗಿಯರಲ್ಲೂ ಇದ್ದರು. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದರು, ಯಾರಿಗೂ ತೊಂದರೆ ಇರಲಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹಳೆಯ ಪ್ರಗತಿ ಪತ್ರ ಮನೆಯಲ್ಲಿದ್ದರೆ ಹುಡುಕಮ್ಮ ತಂಗಿ. ಷರಾ ಕಾಲಂ ನೋಡು. ನಾವು ಮೇಷ್ಟ್ರುಗಳು ಅಲ್ಲಿ ನಿಜ ಬರೆದಿರುತ್ತೇವೆ.

---

ಒಪಿಡಿ_ಚೀಟಿ

ಸರ್, ನೀವು ಬರೆದ ಆ ಕಿಟಕಿಯಾಚೆ ನೋಡುವ ಹುಡುಗಿ ನಮ್ಮ ಹತ್ತಿರ ಬರೋದು 30, 40 ದಾಟಿದ ಮೇಲೆ. ಹುಡುಗ ಬೆಂಚು ಮುರಿಯುತ್ತಾನೆ, ಬೇಗ ಸಿಕ್ಕಿಬೀಳುತ್ತಾನೆ. ಹುಡುಗಿಯರಲ್ಲಿ ಗಮನದ ತೊಂದರೆಯೇ ಮುಂದಾಗಿರೋದು ಜಾಸ್ತಿ. ಜೊತೆಗೆ "ಹೆಣ್ಣುಮಗಳು ಅಚ್ಚುಕಟ್ಟಾಗಿರಬೇಕು" ಅಂತ ಬೈಸಿಕೊಂಡು ಬೈಸಿಕೊಂಡು ಮುಚ್ಚಿಡೋದನ್ನು ಕಲಿಯುತ್ತಾರೆ. ಮದುವೆ, ಮಗು, ಅತ್ತೆ ಮಾವ, ಆಫೀಸು ಎಲ್ಲ ಒಟ್ಟಿಗೆ ತಲೆ ಮೇಲೆ ಬಿದ್ದಾಗ ಮುಚ್ಚಿಟ್ಟದ್ದು ಹೊರಗೆ ಬರುತ್ತದೆ. ಆಗಲೂ ಮೊದಲು ಸಿಗೋದು "ಆತಂಕ" ಅನ್ನೋ ಚೀಟಿ.

"ನಮ್ಮ ಕಾಲದಲ್ಲಿ ಇರಲಿಲ್ಲ" ಅಂದಿರಲ್ಲ ಸರ್, ಬ್ರಿಟನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಬಹಳ ವರ್ಷ ಡಾಕ್ಟರುಗಳೂ ಇದು ಬೆಳೆಯುತ್ತಾ ಹೋಗಿಬಿಡುತ್ತದೆ ಅಂತಲೇ ನಂಬಿದ್ದರು. ದೊಡ್ಡವರಲ್ಲಿ ಇದು ಶೇಕಡಾ 2.5ರ ಆಸುಪಾಸು ಅಂತ ಬೇರೆ ಬೇರೆ ದೇಶಗಳ ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ನಿಮ್ಮ 60 ಮಕ್ಕಳ ಕ್ಲಾಸಿನಲ್ಲಿ ಒಬ್ಬರೋ ಇಬ್ಬರೋ ದೊಡ್ಡವರಾದ ಮೇಲೂ ಹೀಗೇ ಇದ್ದಾರೆ ಅಂದುಕೊಳ್ಳಿ.

---

ಹಿಟ್ಟಿನ_ಗಿರಣಿ

ಎಲ್ಲಾ ಸರಿ, ಸಣ್ಣ ಊರಿನವರು ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಒಂದು ಸಲಕ್ಕೆ ಎರಡು ಸಾವಿರ ಫೀಸು ಅಂತಾರೆ. ಒಂದು ಕಡೆ ಮಿದುಳಿನ ಸ್ಕ್ಯಾನ್ ಮಾಡಿ ಹೇಳುತ್ತೇವೆ ಅಂತ ಇನ್ನೂ ಜಾಸ್ತಿ ಕೇಳಿದರು.

---

ಒಪಿಡಿ_ಚೀಟಿ

ದೊಡ್ಡವರಿಗೆ ಎಡಿಎಚ್‌ಡಿ ಇದೆ ಅಂತ ಸ್ಕ್ಯಾನಿನಿಂದಾಗಲಿ, ರಕ್ತಪರೀಕ್ಷೆಯಿಂದಾಗಲಿ ಹೇಳೋಕೆ ಬರಲ್ಲ. ರಕ್ತಪರೀಕ್ಷೆ ಮಾಡಿಸೋದು ಥೈರಾಯ್ಡ್, ಹಿಮೋಗ್ಲೋಬಿನ್ ಥರದ್ದನ್ನು ಪಕ್ಕಕ್ಕಿಡೋಕೆ. ದುಡ್ಡು ಉಳಿಸಿ.

ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಹೋಗುವ ಮುಂಚೆ ಫೋನ್ ಮಾಡಿ ವಿಚಾರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೋಗುವ ಮುಂಚೆ ಮನೆಯಲ್ಲೇ ನೋಡಿಕೊಳ್ಳಬೇಕು ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಅನ್ನೋ ಪ್ರಶ್ನಾವಳಿ ಇದೆ. ಒಟ್ಟು 18 ಪ್ರಶ್ನೆ, ಮೊದಲ 6 ಮುಖ್ಯ. ಕಷ್ಟದ ಭಾಗ ಮುಗಿದ ಮೇಲೆ ಕೊನೆಯ ಚೂರುಪಾರು ಕೆಲಸ ಬಾಕಿ ಉಳಿಯುತ್ತಾ, ತಲೆ ಓಡಿಸಬೇಕಾದ ಕೆಲಸ ಮುಂದೂಡುತ್ತೀರಾ, ಹೋಗಬೇಕಾದ ಕಡೆ ಹೋಗೋದು ಮರೆಯುತ್ತೀರಾ, ತುಂಬಾ ಹೊತ್ತು ಕೂತರೆ ಕೈಕಾಲು ಆಡಿಸುತ್ತೀರಾ, ಇಂಥವು. ಆ 6ರಲ್ಲಿ 4 ಗೆರೆ ದಾಟಿದರೆ ಡಾಕ್ಟರಿಗೆ ತೋರಿಸಿ ಅಂತ ಅರ್ಥ. ಕಾಯಿಲೆ ಇದೆ ಅಂತ ಅಲ್ಲ.

---

ಕೋರಿರೊಟ್ಟಿ

ಮಾತ್ರೆ ಬಗ್ಗೆ ಮೇಷ್ಟ್ರಿಗೆ ಹೆದರಿಕೆ ಇದೆ, ನಮ್ಮಮ್ಮನಿಗೂ ಇತ್ತು. ಡೋಸು ಹೇಳಲ್ಲ, ಅನುಭವ ಹೇಳುತ್ತೇನೆ.

ನಾನು ತಗೊಳ್ಳುವುದು ಮೀಥೈಲ್‌ಫೆನಿಡೇಟ್. ಮೊದಲ ದಿನ ಏನೋ ಮಿಂಚು ಹೊಡೆಯುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಆಫೀಸಿನಲ್ಲಿ ಒಂದು ಮೇಲ್ ಬಂತು, ಓದಿದೆ, ಉತ್ತರ ಬರೆದೆ, ಕಳಿಸಿದೆ. ಅಷ್ಟೇ. ಎದ್ದು ಕಾಫಿಗೆ ಹೋಗುವಾಗ ಹೊಳೆಯಿತು: ಇದನ್ನು ನಾನು ಸಾಮಾನ್ಯವಾಗಿ ನಾಲ್ಕು ದಿನ ಮಾಡುತ್ತೇನೆ ಮಾರಾಯ್ರೆ!

ಮಧ್ಯಾಹ್ನದ ಊಟ ಸೇರುವುದಿಲ್ಲ. ಲೇಟಾಗಿ ತಗೊಂಡರೆ ರಾತ್ರಿ ನಿದ್ದೆ ಇಲ್ಲ. ಶುರು ಮಾಡುವ ಮುಂಚೆ ಬಿಪಿ, ನಾಡಿ ನೋಡಿದರು, ಈಗಲೂ ಆಗಾಗ ನೋಡುತ್ತಾರೆ. ಸಾದಾ ಮಾತ್ರೆಯ ಪರಿಣಾಮ ಮೂರು ನಾಲ್ಕು ಗಂಟೆ ಅಷ್ಟೇ, ನಿಧಾನವಾಗಿ ಬಿಡುವ ಮಾತ್ರೆ ಜಾಸ್ತಿ ಹೊತ್ತು ಇರುತ್ತದೆ. ಮತ್ತೆ, ಮಾತ್ರೆ ತಗೊಂಡು ಕೂತು ಯೂಟ್ಯೂಬ್ ತೆಗೆದರೆ ಯೂಟ್ಯೂಬನ್ನೇ ಬಹಳ ಶ್ರದ್ಧೆಯಿಂದ ನೋಡುತ್ತೀರಿ. ಎಲ್ಲಿ ಕೂರಬೇಕು ಅಂತ ಮಾತ್ರೆ ಹೇಳಿಕೊಡುವುದಿಲ್ಲ.

---

ಒಪಿಡಿ_ಚೀಟಿ

ಆ ಮಾತ್ರೆ ಕೊಳ್ಳುವ ವಿಷಯವನ್ನೂ ತಿಳಿದಿರಿ. ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್ ಔಷಧಿ. ಚೀಟಿ ಎರಡು ಪ್ರತಿ ಬೇಕು. ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಅದಕ್ಕೆ ಬೇರೆ ಲೈಸೆನ್ಸ್ ಬೇಕಾದ್ದರಿಂದ ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಇರಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಫೋನ್, ವಿಡಿಯೊ ಕನ್ಸಲ್ಟೇಶನ್‌ನಲ್ಲಿ ಅದನ್ನು ಬರೆಯುವ ಹಾಗೂ ಇಲ್ಲ. ವಾಟ್ಸಾಪ್‌ನಲ್ಲಿ ಚೀಟಿ ಫೋಟೊ ಕಳಿಸಿ ಅಂತ ಡಾಕ್ಟರನ್ನು ಪೀಡಿಸಬೇಡಿ.

ಆಟೊಮೊಕ್ಸೆಟಿನ್ ಅನ್ನೋ ಇನ್ನೊಂದಿದೆ. ಅದಕ್ಕೆ ಇಷ್ಟು ಬಿಗಿ ಇಲ್ಲ. ಆದರೆ ಪೂರ್ತಿ ಪರಿಣಾಮ ಕಾಣೋಕೆ ನಾಲ್ಕಾರು ವಾರ ಹಿಡಿಯುತ್ತದೆ, ಅಷ್ಟರಲ್ಲೇ ಅರ್ಧ ಜನ "ಏನೂ ಆಗಲಿಲ್ಲ" ಅಂತ ಬಿಟ್ಟಿರುತ್ತಾರೆ. ಯಾರಿಗೆ ಯಾವುದು ಅನ್ನೋದು ಹೃದಯ, ಬಿಪಿ, ಬೇರೆ ಮಾತ್ರೆ, ಗರ್ಭ ಇದೆಯಾ ಎಲ್ಲ ನೋಡಿ ನಿರ್ಧಾರ. ಮಾತ್ರೆ ಬೇಡ ಅನ್ನುವವರಿಗೆ ದೊಡ್ಡವರ ಎಡಿಎಚ್‌ಡಿಗಾಗಿಯೇ ಹೊಂದಿಸಿದ ಸಿಬಿಟಿ (ಯೋಚನೆ, ಅಭ್ಯಾಸ ಬದಲಿಸುವ ಮಾತಿನ ಚಿಕಿತ್ಸೆ) ಇದೆ. ಕೆಲಸ ಚೂರು ಮಾಡೋದು, ಸಮಯ ಅಂದಾಜು ಮಾಡೋದು, ಮುಂದೂಡೋದನ್ನು ಹಿಡಿಯೋದು, ಇದೇ ಅದರ ಪಾಠ.

---

ಮರಳುಗಾಡಿನ_ಮಲ್ಲಿಗೆ

ಗಲ್ಫ್‌ಗೆ ಬರುವವರು ಗಮನಿಸಿ. ಈ ಥರದ ನಿಯಂತ್ರಿತ ಮಾತ್ರೆ ಬ್ಯಾಗಿನಲ್ಲಿ ಹಾಕಿಕೊಂಡು ಸುಮ್ನೆ ಬರಬೇಡಿ. ಯುಎಇಗೆ ಬರುವ ಮುಂಚೆಯೇ ಇಲ್ಲಿನ ಸರ್ಕಾರದ ಅನುಮತಿ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು. ಚೀಟಿ, ಡಾಕ್ಟರ್ ಪತ್ರ ಎರಡೂ ಜೊತೆಯಲ್ಲಿರಲಿ.

---

ನೀಲಗಿರಿ_ತೋಪು

ಆಫೀಸಿನಲ್ಲಿ ಹೇಳಬೇಕಾ? ಇನ್ಶೂರೆನ್ಸ್?

---

ಕೋರಿರೊಟ್ಟಿ

ನಾನು ಎಚ್‌ಆರ್‌ಗೆ ಹೇಳಲಿಲ್ಲ. ಮ್ಯಾನೇಜರಿಗೆ "ಬಾಯಲ್ಲಿ ಹೇಳಿದ ಕೆಲಸವನ್ನು ಒಂದು ಸಾಲು ಮೇಲ್ ಮಾಡಿ" ಅಂತ ಮಾತ್ರ ಕೇಳಿಕೊಂಡೆ. ಅಷ್ಟು ಸಾಕಾಯಿತು. ಡಾಕ್ಟರು ನಮ್ಮ ಮಾಹಿತಿ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು ಅಂತಲೂ ಇದೆ. ಆದರೆ ಒಪಿಡಿ ಖರ್ಚು ಹೆಚ್ಚಿನ ಪಾಲಿಸಿಗಳಲ್ಲಿ ಬರುವುದಿಲ್ಲ, ಎಡಿಎಚ್‌ಡಿ ಅಂದರೆ ಎಲ್ಲ ಒಪಿಡಿಯೇ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ಎಡಿಎಚ್‌ಡಿ ಬೇರೆಯಾಗಿ ಇಲ್ಲ, ಅದನ್ನು ನಂಬಿಕೊಂಡು ಹೋಗಬೇಡಿ.

---

ಅರ್ಧಂಬರ್ಧ

ತಡವಾಗಿ ಬರೆಯುತ್ತಿದ್ದೇನೆ. ಯಾಕೆ ತಡ ಅಂತ ಯಾರೂ ಕೇಳಬೇಡಿ, 20ನೇ ತಾರೀಕು ಬಂದಿತ್ತು.

ತೋರಿಸಿಕೊಂಡು ಬಂದೆ. ಒಂದು ಗಂಟೆಗಿಂತ ಜಾಸ್ತಿ ಮಾತಾಡಿದರು. ಮೇಷ್ಟ್ರು ಹೇಳಿದ ಹಾಗೆ ಪ್ರಗತಿ ಪತ್ರ ಹುಡುಕಿಸಿದೆ, ಅಮ್ಮ ಟ್ರಂಕಿನಲ್ಲಿ ಇಟ್ಟಿದ್ದರು. ಐದನೇ ಕ್ಲಾಸಿನದರಲ್ಲಿ "ಜಾಣೆ. ಕೊಟ್ಟ ಕೆಲಸ ಪೂರ್ಣಗೊಳಿಸುವುದಿಲ್ಲ" ಅಂತಿದೆ. ಏಳನೇ ಕ್ಲಾಸಿನದರಲ್ಲಿ ಬೇರೆ ಮೇಷ್ಟ್ರು, ಹೆಚ್ಚುಕಮ್ಮಿ ಅದೇ ಮಾತು. ಡಾಕ್ಟರು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದರು. ನಾನು ಮಳೆಗಾಲದಲ್ಲಿ ಕಳೆದ ಕೊಡೆಗಳ ಕಥೆ ಅಮ್ಮ ಶುರು ಮಾಡಿದ್ದು ನಿಲ್ಲಿಸಲೇ ಇಲ್ಲ. ಕೊನೆಗೆ "ಆದ್ರೂ ನಮ್ಮ ಹುಡುಗಿ ಒಳ್ಳೆಯವಳು ಡಾಕ್ಟ್ರೇ" ಅಂದರಂತೆ.

ಎಡಿಎಚ್‌ಡಿ ಇದೆ, ಗಮನದ ಲಕ್ಷಣಗಳು ಜಾಸ್ತಿ ಇರುವ ರೀತಿಯದ್ದು ಅಂದರು. ಜೊತೆಗೆ ರಕ್ತಪರೀಕ್ಷೆಯಲ್ಲಿ ಥೈರಾಯ್ಡೂ ಕೆಟ್ಟಿದೆ. ಈಚೆಗೆ ಸುಸ್ತು ಜಾಸ್ತಿ ಆಗಿದ್ದಕ್ಕೆ ಅದೂ ಕಾರಣ ಇರಬಹುದು, ಮೊದಲು ಅದನ್ನು ಸರಿ ಮಾಡೋಣ, ಆರು ವಾರ ಬಿಟ್ಟು ಟಿಎಸ್‌ಎಚ್ (ಥೈರಾಯ್ಡಿನ ರಕ್ತಪರೀಕ್ಷೆ) ಮತ್ತೆ ನೋಡಿ ಎಡಿಎಚ್‌ಡಿ ಮಾತ್ರೆ ಯೋಚಿಸೋಣ ಅಂದರು. ಐದನೇ ಕ್ಲಾಸಿನ ಷರಾ ಮಾತ್ರ ಥೈರಾಯ್ಡಿನ ಲೆಕ್ಕಕ್ಕೆ ಹೋಗಲ್ಲ ಅಂತ ನಕ್ಕರು.

ಥೈರಾಯ್ಡ್ ಮಾತ್ರೆ ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಗೋಬೇಕು. ನೆನಪಿನಲ್ಲಿ ತಗೊಳ್ಳೋದು ಹೇಗೆ, ಉಪಾಯ ಹೇಳಿ.

---

ಮೊಸರನ್ನ

ಹಲ್ಲುಜ್ಜುವ ಬ್ರಷ್ಷಿನ ಲೋಟದಲ್ಲಿ ಇಡಿ. ಶೀಟಿನ ಮೇಲೆ ಸೋಮ, ಮಂಗಳ ಅಂತ ಪೆನ್ನಲ್ಲಿ ಬರೆಯಿರಿ. ಇಲ್ಲದಿದ್ದರೆ "ಇವತ್ತು ತಗೊಂಡೆನಾ" ಅಂತ ಎರಡು ಸಲ ತಗೊಳ್ಳುತ್ತೀರಿ. ನಮ್ಮ ಮನೆಯಲ್ಲಿ ಆಗಿದೆ.

---

ಬೋರ್ಡು_ಡಸ್ಟರು

ಷರಾ ಬರೆದ ಮೇಷ್ಟ್ರು ಯಾರೋ ಒಳ್ಳೆಯವರು ಕಣಮ್ಮ.

---

ಗಿರ್ಮಿಟ್

ರೂಮ್‌ಮೇಟ್‌ಗೆ ಕೇಳಿದೆ ಮೇಡಂ. ಬಾಯಲ್ಲಿ ಉತ್ತರ ಹೇಳಲಿಲ್ಲ, ಎರಡು ನಿಮಿಷದ ಆಡಿಯೊ ಕಳಿಸಿದ. ಪಿಜಿ ಗ್ರೂಪಿನಲ್ಲಿ ಅದು ಆಗಲೇ ಓಡಾಡುತ್ತಿತ್ತಂತೆ, ನನಗೇ ಗೊತ್ತಿರಲಿಲ್ಲ. ನಡುವೆ ಉಸಿರು ನಿಂತು ಮತ್ತೆ ಜೋರಾಗಿ ಎಳೆದುಕೊಳ್ಳೋದು ಕೇಳಿಸುತ್ತದೆ. ಇದನ್ನು ಯಾರಿಗೆ ತೋರಿಸಬೇಕು?

---

ಒಪಿಡಿ_ಚೀಟಿ

ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರಿಗೆ. ಆಡಿಯೊ ಅಳಿಸಬೇಡಿ, ಅವರಿಗೆ ಕೇಳಿಸಿ. ಸ್ಲೀಪ್ ಸ್ಟಡಿ ಮಾಡಿಸಿ ಅಂತ ಹೇಳಬಹುದು. ಅದರ ರಿಪೋರ್ಟ್ ಬರುವ ತನಕ ನೈಟ್ ಶಿಫ್ಟ್ ಮುಗಿಸಿ ಬೈಕ್ ಓಡಿಸಬೇಡಿ, ಬಸ್ಸಿನಲ್ಲಿ ಹೋಗಿ.